ಪಾಲಿಯಾಲ್ ಎಸ್ಟರ್ ಕೀಲೆಣ್ಣೆ

ಜೆಟ್ ಎಂಜಿನ್ನಿನ ಬೇರಿಂಗ್‌ಗಳಿಗೆ ಬಳಸುವ, ಹೆಚ್ಚು ಶಾಖ ತಾಳಬಲ್ಲ ಸಂಶ್ಲೇಷಿತ ಕೀಲೆಣ್ಣೆ. ಹಿಂದಿನ ಡೈಎಸ್ಟರ್ ಎಣ್ಣೆಗಳ ಅಣುವಿನಲ್ಲೇ ಒಂದು ದುರ್ಬಲ ಜಾಗವಿತ್ತು: ಆಲ್ಕೊಹಾಲ್ ಭಾಗದಲ್ಲಿ, ಆಮ್ಲಜನಕದಿಂದ ಎರಡನೆಯ ಇಂಗಾಲಕ್ಕೆ ಅಂಟಿದ ಹೈಡ್ರೊಜನ್. ಕಾವು ಸುಮಾರು 275 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ಕಳಚಿ, ಅಣು ಆಮ್ಲವಾಗಿ, ಆಲ್ಕೀನಾಗಿ ಒಡೆಯುತ್ತದೆ. ಪಾಲಿಯಾಲ್ ಎಸ್ಟರಿಗೆ ಬಳಸುವ ಆಲ್ಕೊಹಾಲ್‌ಗಳಾದ ಪೆಂಟಾಎರಿತ್ರಿಟಾಲ್, ಟ್ರೈಮೀಥೈಲಾಲ್‌ಪ್ರೊಪೇನ್‌ಗಳಲ್ಲಿ ಆ ಇಂಗಾಲದ ನಾಲ್ಕೂ ಕಡೆ ಇಂಗಾಲವೇ. ಕಳಚಲು ಹೈಡ್ರೊಜನ್ನೇ ಇಲ್ಲ. ಈ ಬದಲಾವಣೆಯ ಜಾಣ್ಮೆ ಇರುವುದೇ ಇಲ್ಲಿ. ಎಣ್ಣೆ ತಯಾರಿಸಲು ಈ ಆಲ್ಕೊಹಾಲ್‌ಗಳನ್ನು 5ರಿಂದ 10 ಇಂಗಾಲದ ಕೊಬ್ಬಿನಾಮ್ಲಗಳೊಂದಿಗೆ ಕಾಯಿಸಿ, ಹುಟ್ಟುವ ನೀರನ್ನು ತೆಗೆಯುತ್ತ ಹೋಗುತ್ತಾರೆ. ಉಳಿದ ಆಮ್ಲವನ್ನು ಚೆನ್ನಾಗಿ ತೊಲಗಿಸದಿದ್ದರೆ ಎಣ್ಣೆ ಬೇಗ ಕೆಡುತ್ತದೆ. ಗಾಳಿಯಿಂದಾಗುವ ಉತ್ಕರ್ಷಣವನ್ನು ತಡೆಯಲು ಮಾತ್ರ ಈ ರಚನೆಯೊಂದೇ ಸಾಲದು. ಅದಕ್ಕಾಗಿ ಆರೊಮ್ಯಾಟಿಕ್ ಅಮೀನ್ ಬೆರೆಸುತ್ತಾರೆ. ಇಂದಿನ ಪ್ರಯಾಣಿಕ ಜೆಟ್‌ಗಳ ಎಂಜಿನ್ ಎಣ್ಣೆಗಳು ಬಹುಪಾಲು ಈ ವರ್ಗದವೇ.