ಇಂತಿ ರೈಮಿಯ ಜಾಡು ಹಿಡಿದು

ಪೆರು ದೇಶದ ಕುಸ್ಕೊ ನಗರದಲ್ಲಿ ಪ್ರತಿವರ್ಷ ಜೂನ್ 24ರಂದು ಇಂಕಾ ಜನರ ಸೂರ್ಯೋತ್ಸವ ಇಂತಿ ರೈಮಿ ನಡೆಯುತ್ತದೆ. ಅದರ ಇಂದಿನ ರೂಪ 1944ರದು. ಕೆಚುವಾ ಭಾಷೆಯಲ್ಲಿ ಪ್ರದರ್ಶನದ ಪಠ್ಯ ಬರೆದು, ತಾವೇ ಇಂಕಾ ದೊರೆಯ ವೇಷ ಕಟ್ಟಿದವರು ಫೌಸ್ತಿನೊ ಎಸ್ಪಿನೋಸ ನವಾರೊ. ಸ್ಪೇನಿನ ಆಳ್ವಿಕೆ ಅಡಗಿಸಿದ್ದ ಹಬ್ಬದ ವಿವರ ಇಷ್ಟು ಶತಮಾನಗಳ ಮೇಲೆ ಅವರಿಗೆ ಸಿಕ್ಕಿದ್ದೆಲ್ಲಿ? ಈ ಪ್ರಶ್ನೆಯ ಬೆನ್ನುಹತ್ತಿ ಹಳೆಯ ಬರಹಗಳಿಗೆ ಕೈಹಾಕಿದೆ.

ಮೊದಲು ಸಿಕ್ಕವನು ಇಂಕಾ ಗಾರ್ಸಿಲಾಸೊ ದೆ ಲಾ ವೇಗ. ತಾಯಿ ಇಂಕಾ ರಾಜವಂಶದವಳು, ತಂದೆ ಸ್ಪೇನಿನ ಸೇನಾನಿ. ಅವನು ಸ್ಪೇನಿನಲ್ಲಿದ್ದು ಬರೆದ ಇಂಕಾ ಚರಿತ್ರೆ 1609ರಲ್ಲಿ ಲಿಸ್ಬನ್‌ನಲ್ಲಿ ಅಚ್ಚಾಯಿತು. ಹಬ್ಬವನ್ನು ಜೂನ್ ಅಯನಕ್ಕೆ ಸೇರಿಸಿ ಹೇಳುವ ಈ ಗ್ರಂಥವೇ 1944ರ ಪಠ್ಯಕ್ಕೆ ಆಧಾರ. ಆದರೆ ಅವನು ಹುಟ್ಟಿದ್ದು 1539ರಲ್ಲಿ. ಇಂಕಾ ದೊರೆಯೇ ಮುಂದೆ ನಿಂತು ನಡೆಸಿದ ಹಬ್ಬವನ್ನು ಕಂಡವರ ಮಾತು ಬೇಕಿತ್ತು.

ಅದು ದೊರೆತದ್ದು ಒಬ್ಬ ಪಾದ್ರಿಯ ಬರಹದಲ್ಲಿ. ಬಹುಕಾಲ ಮೋಲಿನಾ ಎಂಬಾತನ ಹೆಸರಲ್ಲಿ ಅಚ್ಚಾಗುತ್ತಿದ್ದ ಇದನ್ನು ಈಗ ವಿದ್ವಾಂಸರು ಬಾರ್ತೊಲೊಮೆ ದೆ ಸೆಗೋವಿಯಾನದೆಂದು ಗುರುತಿಸುತ್ತಾರೆ. ಅಲ್ಲಿರುವುದು 1535ರ ಏಪ್ರಿಲ್, ಮೆಕ್ಕೆಜೋಳದ ಸುಗ್ಗಿ. ಕುಲೀನರು ಎರಡು ಸಾಲಾಗಿ ನಿಂತಿದ್ದಾರೆ, ಒಂದೊಂದು ಸಾಲಿನಲ್ಲೂ ಮುನ್ನೂರಕ್ಕೆ ಮೇಲ್ಪಟ್ಟು ಜನ. ಸೂರ್ಯ ಹುಟ್ಟುತ್ತಲೇ ತಗ್ಗು ದನಿಯಲ್ಲಿ ಹಾಡು ಶುರು. ಸೂರ್ಯ ಏರಿದಂತೆ ದನಿ ಏರುತ್ತದೆ, ಮಧ್ಯಾಹ್ನ ಕಳೆದು ಅವನು ಇಳಿದಂತೆ ಇಳಿಯುತ್ತದೆ. ಎಂಟು ದಿನ ಹೀಗೆ. ಕೊನೆಗೆ ದೊರೆ ಮಾಂಕೊ ಇಂಕಾ ತಾನೇ ನೇಗಿಲು ಹಿಡಿದು ನೆಲ ಸೀಳುತ್ತಾನೆ.

ಮರುವರ್ಷವೇ ಅದೇ ಮಾಂಕೊ ಸ್ಪೇನಿನವರ ವಿರುದ್ಧ ದಂಡೆತ್ತಿ ಕುಸ್ಕೊಗೆ ಮುತ್ತಿಗೆ ಹಾಕಿದ. ಘೋರ ಕಾಳಗ ನಡೆದದ್ದು ಸಾಕ್ಸಾಯ್‌ವಾಮಾನ್ ಕೋಟೆಯಲ್ಲಿ. ಇಂದಿನ ಹಬ್ಬದ ಮುಖ್ಯ ಭಾಗ ನಡೆಯುವುದೂ ಅಲ್ಲೇ.

ಮುಂದಿನ ಸುಳಿವು ಸಿಕ್ಕಿದ್ದು ಆಳುವವರ ಆಜ್ಞೆಗಳಲ್ಲಿ. ಸ್ಪೇನಿನ ಆಳ್ವಿಕೆಯ ವಿರುದ್ಧ ಎರಡನೇ ತುಪಾಕ್ ಅಮಾರು ಎಬ್ಬಿಸಿದ ದಂಗೆಯನ್ನು ಮುರಿದ ಮೇಲೆ, 1781ರಲ್ಲಿ, ಅರೆಚೆ ಎಂಬ ಅಧಿಕಾರಿ ಇಂಕಾ ಉಡುಪು, ಇಂಕಾ ದೊರೆಗಳ ಚಿತ್ರ, ಹಳೆಯ ಕಾಲ ನೆನಪಿಸುವ ನಾಟಕ, ಕೊನೆಗೆ ಊದುವ ಶಂಖವನ್ನೂ ನಿಷೇಧಿಸಿದ. 1782ರಲ್ಲಿ ಗಾರ್ಸಿಲಾಸೊನ ಪುಸ್ತಕವನ್ನೇ ಹುಡುಕಿ ವಶಪಡಿಸಿಕೊಳ್ಳಲು ರಾಜಾಜ್ಞೆ ಬಂತು. ಇನ್ನೂರೈವತ್ತು ವರ್ಷ ಆಳಿದ ಮೇಲೂ ಸರ್ಕಾರ ಒಂದು ಪುಸ್ತಕಕ್ಕೆ, ಒಂದು ಶಂಖಕ್ಕೆ ಹೆದರಿತ್ತು.

ಜೂನ್ 24 ಹಳೆಯ ಇಂಕಾ ಪಂಚಾಂಗದಿಂದ ಬಂದ ತಾರೀಖಲ್ಲ. ಅದು ಕ್ರೈಸ್ತರ ಸಂತ ಯೋಹಾನನ ದಿನ. 1930ರಲ್ಲಿ ಪೆರು ಸರ್ಕಾರ ಮೂಲನಿವಾಸಿಗಳ ದಿನವೆಂದು ಘೋಷಿಸಿದ್ದೂ ಅದನ್ನೇ. ಇದನ್ನೆಲ್ಲ ಮುಂದಿಟ್ಟು ಇಂದಿನ ಇಂತಿ ರೈಮಿಯನ್ನು ಹೊಸ ಕಟ್ಟುಕತೆ ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪರಂಪರೆ ತಾನಾಗಿ ಕಡಿದುಹೋದದ್ದಲ್ಲ, ಆಜ್ಞೆ ಹೊರಡಿಸಿ ಕಡಿದದ್ದು. ಕಡಿದದ್ದನ್ನು ಗೊತ್ತಿದ್ದೂ ಮತ್ತೆ ಕಟ್ಟಿದರು, ಅದೂ ಮುಟ್ಟುಗೋಲಿಗೆ ಗುರಿಯಾಗಿದ್ದ ಪುಸ್ತಕವನ್ನೇ ಆಧಾರವಾಗಿಟ್ಟುಕೊಂಡು. ಈ ಹಬ್ಬವನ್ನು ಪ್ರತಿರೋಧವೆಂದು ಕರೆಯಲು ನನಗೆ ಅಷ್ಟು ಸಾಕು.