ಸಿದ್ಧಾಂತ ಪ್ರತಿಗಳ ಲಿಪಿಕಾರರೂ ದಾನಿಗಳೂ

ಹಸ್ತಪ್ರತಿಗಳ ಸೂಚಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ವಿವರಗಳು ಐದಾರು: ಗ್ರಂಥದ ಹೆಸರು, ಕರ್ತೃ, ಭಾಷೆ, ಲಿಪಿ, ಗರಿಗಳ ಸಂಖ್ಯೆ, ಪ್ರತಿಯ ಸ್ಥಿತಿ. ಗ್ರಂಥಸಂಪಾದನೆಗೆ ಇಷ್ಟು ಸಾಕೆಂಬುದು ರೂಢಿಯ ಅಭಿಪ್ರಾಯ. ಆದರೆ ಓಲೆಗರಿಯ ಕಟ್ಟೆಂಬುದು ಒಂದು ಕಾಲದ ಜನರು ಕೈಯಾರೆ ಮಾಡಿ ಬಳಸಿದ ವಸ್ತುವೂ ಹೌದು. ಗರಿಯನ್ನು ಹದಮಾಡಿದವರು, ಬರೆದವರು, ಬರೆಯಿಸಿದವರು, ಪಡೆದು ಓದಿದವರು, ಬಟ್ಟೆಯಲ್ಲಿ ಸುತ್ತಿ ಕಾಪಾಡಿದವರು ಇವರೆಲ್ಲರ ಬಾಳಿನ ಗುರುತು ಅದರಲ್ಲಿ ಉಳಿದಿರುತ್ತದೆ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದ ಧವಲ, ಜಯಧವಲ, ಮಹಾಧವಲ ಪ್ರತಿಗಳನ್ನು ಈ ದೃಷ್ಟಿಯಿಂದ ಅವಲೋಕಿಸುವುದು ಪ್ರಕೃತ ಲೇಖನದ ಉದ್ದೇಶ.

ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಕರ್ಮಸಿದ್ಧಾಂತವನ್ನು ಉಪದೇಶಿಸಿದರೆಂದೂ, ಅದು ಷಟ್ಖಂಡಾಗಮವಾಗಿ ಗ್ರಂಥಸ್ಥವಾಯಿತೆಂದೂ ದಿಗಂಬರ ಪರಂಪರೆ ಹೇಳುತ್ತದೆ. ಆ ಗ್ರಂಥ ಪೂರ್ಣಗೊಂಡು ಪೂಜೆಗೊಂಡ ಜ್ಯೇಷ್ಠ ಶುದ್ಧ ಪಂಚಮಿಯೇ ಶ್ರುತಪಂಚಮಿ. ಅದರ ಮೇಲೆ ವೀರಸೇನಾಚಾರ್ಯರು ಬರೆದ ಟೀಕೆ ಧವಲ. ಗುಣಧರಾಚಾರ್ಯರ ಕಷಾಯಪಾಹುಡದ ಮೇಲೆ ಅವರು ಆರಂಭಿಸಿ, ಶಿಷ್ಯ ಜಿನಸೇನರು ಶಕ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ, ಮುಗಿಸಿದ ಟೀಕೆ ಜಯಧವಲ. ಆಗಮದ ಆರನೆಯ ಖಂಡವಾದ ಮಹಾಬಂಧವೇ ಮಹಾಧವಲವೆಂದು ಹೆಸರಾಯಿತು. ಪ್ರಾಕೃತ ಸಂಸ್ಕೃತಗಳ ಈ ಗ್ರಂಥಗಳು ಹಳಗನ್ನಡ ಲಿಪಿಯಲ್ಲಿ, ಕನ್ನಡ ನಾಡಿನ ಕೈಗಳಿಂದಲೇ ಉಳಿದವು ಎಂಬುದು ಗಮನಾರ್ಹ.

ಮೊದಲು ಪ್ರತಿಯ ದ್ರವ್ಯವನ್ನು ನೋಡಬಹುದು. ಕರಾವಳಿಯ ಬಸದಿಗಳಲ್ಲಿ ಸಿಗುವ ಬಹುಪಾಲು ಕಟ್ಟುಗಳಲ್ಲಿ ಅಕ್ಷರಗಳನ್ನು ಕಂಟದಿಂದ ಕೊರೆದು, ಅನಂತರ ಕಾಡಿಗೆ ಸವರಿ ಕಾಣುವಂತೆ ಮಾಡಿರುತ್ತಾರೆ. ಸಿದ್ಧಾಂತ ಪ್ರತಿಗಳಾದರೋ ಅಗಲವಾದ ಶ್ರೀತಾಳೆಯ ಗರಿಗಳ ಮೇಲೆ ಮಸಿಯಿಂದ ಬರೆದವು. ಕೊರೆದ ಅಕ್ಷರದ ಕಪ್ಪು ಮಾಸಿದರೆ ಮತ್ತೆ ತುಂಬಬಹುದು. ಮಸಿಯ ಅಕ್ಷರ ಉದುರಿದರೆ ಹೋದಂತೆಯೇ. ಆದ್ದರಿಂದ ಇಂತಹ ಪ್ರತಿಯನ್ನು ಸುಮಾರು ಒಂಬೈನೂರು ವರ್ಷ ಉಳಿಸುವುದರ ಹಿಂದೆ ತಲೆಮಾರುಗಳ ಎಚ್ಚರವಿದೆ. ಕೆಲವು ಗರಿಗಳಲ್ಲಿ ವರ್ಣಚಿತ್ರಗಳೂ ಇವೆ. ಜಿನಬಿಂಬ, ಶ್ರುತದೇವಿ, ಅಂಬಿಕೆಯರ ಜೊತೆಗೆ ಕೈಮುಗಿದ ಶ್ರಾವಕ ಶ್ರಾವಿಕೆಯರೂ ಅಲ್ಲಿ ಸ್ಥಾನ ಪಡೆದಿದ್ದಾರೆ. ಹೊಯ್ಸಳರ ಕಾಲದ ಉಡುಗೆ, ಕೇಶಾಲಂಕಾರ, ಆಭರಣಗಳನ್ನು ಶಿಲ್ಪದಲ್ಲಿ ಕಂಡವರಿಗೆ ಅವುಗಳ ಬಣ್ಣವನ್ನು ತೋರಿಸುವ ಸಾಧನ ಇಂತಹ ಗರಿಗಳು.

ಇನ್ನು ಬರೆಯಿಸಿದವರ ವಿಷಯ. ಧವಲದ ಪ್ರತಿಯೊಂದರ ಕೊನೆಯ ಕನ್ನಡ ಪ್ರಶಸ್ತಿಯಿಂದ, ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿದೇವನ ಅತ್ತೆಯಾದ ದೇಮಿಯಕ್ಕ ಎಂಬವಳು ಶ್ರುತಪಂಚಮಿಯ ನೋಂಪಿಯನ್ನು ನೋಂತು, ಅದರ ಉಜ್ಜವಣೆಯ ಸಂದರ್ಭದಲ್ಲಿ ಈ ಗ್ರಂಥವನ್ನು ಬರೆಯಿಸಿ, ಬನ್ನಿಕೆರೆಯ ಚೈತ್ಯಾಲಯದ ಆಚಾರ್ಯರೂ ತನ್ನ ಗುರುಗಳೂ ಆದ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳೆಂದು ತಿಳಿದುಬರುತ್ತದೆ. ಶುಭಚಂದ್ರರು 1123ರಲ್ಲಿ ಸ್ವರ್ಗಸ್ಥರಾದುದು ಶ್ರವಣಬೆಳಗೊಳದ ಶಾಸನದಿಂದ ವಿದಿತವಾದ ಕಾರಣ, ದಾನ ಅದಕ್ಕೆ ಮೊದಲೇ ನಡೆದಿರಬೇಕು. ಮಹಾಬಂಧದ ಪ್ರತಿಯಲ್ಲೂ ಇದೇ ರೀತಿ: ಸೇನನೆಂಬವನ ಪತ್ನಿ ಮಲ್ಲಿಕಬ್ಬೆ ಪಂಚಮಿಯ ನೋಂಪಿಯನ್ನು ಮುಗಿಸಿ, ಗ್ರಂಥವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು.

ಈ ಎರಡು ಉಲ್ಲೇಖಗಳು ಸ್ವಲ್ಪ ವಿವೇಚನೆಗೆ ಅರ್ಹವಾಗಿವೆ. ಉಜ್ಜವಣೆಯೆಂದರೆ ಹಿಡಿದ ವ್ರತವನ್ನು ವಿಧಿಪೂರ್ವಕವಾಗಿ ಸಮಾಪ್ತಿಗೊಳಿಸುವುದು. ಅದು ಮನೆಯ ಹೆಂಗಸರ ಉಪವಾಸ, ಪೂಜೆ, ದಾನಗಳಿಗೆ ಸೇರಿದ ಆಚರಣೆ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನ ಒಂದಾದುದರಿಂದ, ವ್ರತ ಮುಗಿಸಿದ ಗೃಹಿಣಿ ಗ್ರಂಥವನ್ನು ಬರೆಯಿಸಿ ಮುನಿಗಳಿಗೆ ಒಪ್ಪಿಸುತ್ತಿದ್ದಳು. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದಳೆಂಬ ಪ್ರಸಿದ್ಧಿಯೂ ಇದೇ ಶ್ರದ್ಧೆಯ ಫಲ. ಸಿದ್ಧಾಂತ ಗ್ರಂಥಗಳ ಅಧ್ಯಯನಕ್ಕೆ ಗೃಹಸ್ಥರು ಅಧಿಕಾರಿಗಳಲ್ಲವೆಂಬ ಭಾವನೆ ಪ್ರಬಲವಾಗಿದ್ದ ಸಮಾಜದಲ್ಲಿ, ಆ ಗ್ರಂಥಗಳ ಉಳಿವಿಗೆ ಗೃಹಿಣಿಯರ ನೋಂಪಿಯೇ ಕಾರಣವಾಯಿತು.

ಬರೆದವರ ಶ್ರಮವನ್ನೂ ಲೆಕ್ಕಹಾಕಬಹುದು. 32 ಅಕ್ಷರಗಳಿಗೆ ಒಂದು ಗ್ರಂಥವೆಂಬುದು ಹಳೆಯ ಅಳತೆ. ಧವಲದ ಪ್ರಮಾಣ 72,000 ಗ್ರಂಥ. ಎಂದರೆ 23 ಲಕ್ಷಕ್ಕೂ ಮಿಕ್ಕ ಅಕ್ಷರಗಳು. ಜಯಧವಲ 60,000 ಗ್ರಂಥ. ನೆಲದ ಮೇಲೆ ಕುಳಿತು, ಬಾಗಿ, ಹಗಲಿನ ಬೆಳಕಿನಲ್ಲಿ ಇದನ್ನು ನಕಲುಮಾಡಬೇಕಾಗಿತ್ತು. ಲಿಪಿಕಾರರು ಕಟ್ಟಿನ ಕೊನೆಯಲ್ಲಿ ಬರೆಯುವ ರೂಢಿಯ ಶ್ಲೋಕಗಳಲ್ಲಿ ಬೆನ್ನು, ಸೊಂಟ, ಕೊರಳುಗಳ ನೋವಿನ ಮಾತು ಬರುತ್ತದೆ. ನೀರಿನಿಂದ, ಎಣ್ಣೆಯಿಂದ, ಸಡಿಲವಾದ ಕಟ್ಟಿನಿಂದ ಪುಸ್ತಕವನ್ನು ಕಾಪಾಡಬೇಕೆಂಬ ಬೇಡಿಕೆ ಬರುತ್ತದೆ. ಇವು ಪರಂಪರೆಯಿಂದ ಬಂದ ಪದ್ಯಗಳೆಂದು ಸಂಪಾದಕರು ಕೈಬಿಡುವುದುಂಟು. ಆದರೆ ಒಂದೇ ಮಾತನ್ನು ನೂರಾರು ಜನ ನೂರಾರು ವರ್ಷ ಬರೆದರೆಂದರೆ, ಅದು ಅವರೆಲ್ಲರ ಅನುಭವಕ್ಕೆ ಹೊಂದುತ್ತಿತ್ತೆಂದೇ ತಿಳಿಯಬೇಕು.

ಈ ಶ್ರಮದ ಸ್ವರೂಪ ಇತ್ತೀಚಿನ ಶತಮಾನದಲ್ಲಿ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಬಹುಕಾಲ ಕೇವಲ ದರ್ಶನಕ್ಕೆ ಮೀಸಲಾಗಿದ್ದ ಪ್ರತಿಗಳನ್ನು ನಕಲುಮಾಡಿಸಲು ಸೊಲ್ಲಾಪುರದ ಹೀರಾಚಂದ ನೇಮಚಂದರು, ಮುಂಬಯಿಯ ಮಾಣಿಕಚಂದರು ಮುಂತಾದವರು ಪ್ರಯತ್ನಿಸಿದರು. 1896ರಲ್ಲಿ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಕೆಲಸಕ್ಕೆ ತೊಡಗಿದರು. ಬ್ರಹ್ಮಸೂರಿ ಶಾಸ್ತ್ರಿಗಳು ಕೆಲಸ ಮುಗಿಯುವ ಮೊದಲೇ ತೀರಿಕೊಂಡರು. ಲೋಕನಾಥ ಶಾಸ್ತ್ರಿಗಳು ಮಹಾಧವಲದ ನಕಲನ್ನು ಪೂರೈಸುವಾಗ 1922 ಆಗಿತ್ತು. ಮೂರು ಗ್ರಂಥಗಳ ನಕಲಿಗೆ ಒಟ್ಟು 26 ವರ್ಷಗಳು ಸಂದವು.

ಇದೇ ಅವಧಿಯಲ್ಲಿ ಗಜಪತಿ ಉಪಾಧ್ಯಾಯರು ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿಕೊಂಡರು. ಇದರಲ್ಲಿ ನೆರವಾದವರು ಅವರ ಪತ್ನಿ ಲಕ್ಷ್ಮೀಬಾಯಿ. ಆ ಪ್ರತಿ ಉತ್ತರದ ಸಹಾರನಪುರಕ್ಕೆ ಹೋಗಿ, ಅಲ್ಲಿ ದೇವನಾಗರಿಗೆ ಇಳಿದು, ಅದರಿಂದ ಬೇರೆ ಬೇರೆ ಊರುಗಳಿಗೆ ಹರಡಿತು. ಹೀರಾಲಾಲ ಜೈನರು 1939ರಲ್ಲಿ ಧವಲದ ಮೊದಲ ಸಂಪುಟವನ್ನು ಪ್ರಕಟಿಸಲು ಆಧಾರವಾದವು ಈ ಸಂತತಿಯ ಪ್ರತಿಗಳೇ. ಗುಪ್ತವಾಗಿ ನಕಲುಮಾಡಿದುದರ ಯುಕ್ತಾಯುಕ್ತತೆಯನ್ನು ಕುರಿತು ಭಿನ್ನಾಭಿಪ್ರಾಯ ಸಹಜ. ಆದರೆ ದೇಮಿಯಕ್ಕನಿಂದ ಲಕ್ಷ್ಮೀಬಾಯಿಯವರೆಗೆ, ಈ ಆಗಮದ ಚರಿತ್ರೆಯ ಮುಖ್ಯ ಘಟ್ಟಗಳಲ್ಲಿ ಗೃಹಿಣಿಯೊಬ್ಬಳು ಕಂಡುಬರುತ್ತಾಳೆಂಬುದು ಮರೆಯತಕ್ಕ ಸಂಗತಿಯಲ್ಲ.

ಇಂತಹ ವಿವರಗಳು ಕೇವಲ ಕುತೂಹಲದವೆಂದು ಭಾವಿಸುವವರಿಗೆ ಒಂದು ನಿದರ್ಶನವನ್ನು ಕೊಡಬಹುದು. ಸತ್ಪ್ರರೂಪಣೆಯ 93ನೆಯ ಸೂತ್ರ ಮನುಷ್ಯಿಣಿಯರ ಗುಣಸ್ಥಾನಗಳಿಗೆ ಸಂಬಂಧಿಸಿದ್ದು. ಮುದ್ರಣಕ್ಕೆ ದೊರೆತ ನಕಲುಗಳಲ್ಲಿ ಅಲ್ಲಿ ‘ಸಂಜದ’ ಎಂಬ ಪದವಿರಲಿಲ್ಲ. ಅರ್ಥಸಂಗತಿಯಿಂದ ಅದು ಇರಬೇಕೆಂದು ಸಂಪಾದಕರು ಸೂಚಿಸಿದರು. ಈ ಒಂದು ಪದದ ಮೇಲೆ ಪಂಡಿತವರ್ಗದಲ್ಲಿ ತೀವ್ರವಾದ ವಾದವೇ ನಡೆಯಿತು. ಪದವಿದ್ದರೆ ಸ್ತ್ರೀಮುಕ್ತಿಯನ್ನು ಒಪ್ಪಿದಂತಾಗುವುದೆಂದು ಕೆಲವರು ಆತಂಕಪಟ್ಟರು. ಇಲ್ಲಿ ಹೇಳಿರುವುದು ಭಾವವೇದದ ದೃಷ್ಟಿಯಿಂದ, ಆದ್ದರಿಂದ ಸಿದ್ಧಾಂತಕ್ಕೆ ಬಾಧಕವಿಲ್ಲವೆಂದು ಇತರರು ಸಮಾಧಾನ ಹೇಳಿದರು. ಕೊನೆಗೆ ಮೂಡಬಿದಿರೆಯ ತಾಡಪತ್ರವನ್ನು ನೋಡಿದಾಗ ಆ ಪದ ಅಲ್ಲಿ ದೊರೆಯಿತು. ಸೂತ್ರದಲ್ಲಿ ‘ಸಂಜದಾಸಂಜದ’ ಎಂಬುದರ ಬೆನ್ನಿಗೇ ‘ಸಂಜದ’ ಬರುತ್ತದೆ. ಒಂದೇ ಬಗೆಯ ಅಕ್ಷರಗಳು ಒತ್ತೊತ್ತಾಗಿ ಬಂದಲ್ಲಿ ದಣಿದ ಕಣ್ಣು ಒಂದನ್ನು ದಾಟಿಹೋಗುವುದು ನಕಲುಗಾರರಲ್ಲಿ ಸರ್ವಸಾಮಾನ್ಯ. ಮಹತ್ತ್ವದ ಸಿದ್ಧಾಂತಚರ್ಚೆಯೊಂದರ ಮೂಲದಲ್ಲಿ ಲಿಪಿಕಾರನೊಬ್ಬನ ಬಳಲಿಕೆಯ ಒಂದು ಕ್ಷಣವಿದ್ದಿರಬೇಕು. ಅದನ್ನು ಬಗೆಹರಿಸಿದ್ದು ನೋಂಪಿ ನೋಂತು ಬರೆಯಿಸಿದ, ತಲೆಮಾರುಗಳು ಕಾಪಾಡಿದ ಮೂಲವಸ್ತು.

ಇಂದು ಓಲೆಗರಿಗಳ ಛಾಯಾಚಿತ್ರಗಳನ್ನು ತೆಗೆದಿಡುವ ಕಾರ್ಯ ಹಲವೆಡೆ ನಡೆದಿದೆ. ಅದು ಶ್ಲಾಘನೀಯ. ಆದರೆ ಪಾಠವಿರುವ ಗರಿಯನ್ನಷ್ಟೇ ಚಿತ್ರಿಸಿ, ಬರಿಯ ಗರಿ, ಮೇಲಿನ ಹಲಗೆ, ದಾರ, ಅಂಚಿನ ತಿದ್ದುಪಡಿ, ಸುತ್ತಿದ ಬಟ್ಟೆಗಳನ್ನು ಬಿಟ್ಟರೆ ಅರ್ಧ ಚರಿತ್ರೆಯನ್ನು ಬಿಟ್ಟಂತಾಗುತ್ತದೆ. ನಕಲಾಯಿತೆಂಬ ಕಾರಣದಿಂದ ಜೀರ್ಣವಾದ ಮೂಲವನ್ನು ಜಲಕ್ಕೆ ಬಿಡುವುದಂತೂ ಸರ್ವಥಾ ಸಲ್ಲದು. ಸೂಚಿಗಳಲ್ಲಿ ಪ್ರಶಸ್ತಿಯನ್ನು ಪೂರ್ಣವಾಗಿ ಕೊಡುವುದು, ದಾನಿ, ಲಿಪಿಕಾರ, ಪ್ರತಿಗ್ರಹೀತರ ಹೆಸರುಗಳಿಗೆ ಪ್ರತ್ಯೇಕ ಅಕಾರಾದಿಯನ್ನು ಸೇರಿಸುವುದು, ದ್ರವ್ಯದ ವಿವರವನ್ನು ದಾಖಲಿಸುವುದು ಇವು ಅವಶ್ಯವಾಗಿ ನಡೆಯಬೇಕು. ಶ್ರುತಪಂಚಮಿಯಂದು ಬಸದಿಗಳಲ್ಲಿ ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ಬಟ್ಟೆ ಸುತ್ತಿ ಪೂಜಿಸುವ ಪದ್ಧತಿಯಿದೆ. ಕಟ್ಟುಗಳು ಹೇಗೂ ಬಿಚ್ಚುವ ಆ ದಿನವೇ ವರ್ಷಕ್ಕೆ ಕೆಲವು ಪ್ರಶಸ್ತಿಗಳನ್ನಾದರೂ ಓದಿ ಬರೆದಿಟ್ಟುಕೊಂಡರೆ, ಆ ಹೆಸರುಗಳು ಗರಿಯೊಡನೆ ಉದುರಿಹೋಗದೆ ಉಳಿಯುತ್ತವೆ.