ಹಳೆಯ ಲೆನ್ಸಿಗೆ ಮರುಜೀವ ಕೊಟ್ಟ ಬಳೆ

ಫಿಲ್ಮ್ ಕ್ಯಾಮೆರಾ ಮೂಲೆ ಸೇರಿದ ಮೇಲೆ ಅದರ ಲೆನ್ಸೂ ಗುಜರಿಗೇ ಎಂದು ನಾವು ತಿಳಿದಿದ್ದೆವು. ಹಾಗಲ್ಲ!

1959ರಲ್ಲಿ ಬಂದ ನಿಕಾನ್ ಎಫ್ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಅಂಚಿನಿಂದ ಫಿಲ್ಮಿಗೆ 46.5 ಮಿ.ಮೀ. ದೂರ. ನಡುವೆ ಕನ್ನಡಿ ಏಳಲು, ಇಳಿಯಲು ಅಷ್ಟು ಜಾಗ ಬೇಕಿತ್ತು. 2008ರ ಪ್ಯಾನಸೋನಿಕ್ ಜಿ1ರಲ್ಲಿ ಕನ್ನಡಿಯೇ ಇಲ್ಲ; ಅಂಚಿನಿಂದ ಸೆನ್ಸರಿಗೆ 19.25 ಮಿ.ಮೀ. ಮಾತ್ರ. ಉಳಿದ 27.25 ಮಿ.ಮೀ. ತುಂಬಲು ಗಾಜಿಲ್ಲದ ಲೋಹದ ಬಳೆಯೊಂದು ಸಾಕಾಯಿತು. ಅದೇ ಅಡಾಪ್ಟರ್. ಇಂಥ ಸಾದಾ ಬಳೆಯಲ್ಲಿ ಆಟೋಫೋಕಸ್ ಇಲ್ಲ, ಫೋಕಸ್ಸನ್ನು ಕೈಯಿಂದಲೇ ತಿರುಗಿಸಬೇಕು.

ಹೊಸ ಲೆನ್ಸನ್ನು ಹಳೆಯ ಕ್ಯಾಮೆರಾಕ್ಕೆ ಹೀಗೆ ಹೊಂದಿಸಲಾಗದು. ಖಾಲಿ ಜಾಗವನ್ನು ತುಂಬಬಹುದು, ಇಲ್ಲದ ಜಾಗವನ್ನು ಎಲ್ಲಿಂದ ತರುವುದು?

ಮಕ್ಕಳೇ, ಅಜ್ಜನ ಪೆಟ್ಟಿಗೆಯ ಲೆನ್ಸನ್ನು ಬಿಸಾಡುವ ಮೊದಲು ಒಮ್ಮೆ ನಮಗೆ ತೋರಿಸಿ.